ಮೂರು ನಿಮಿಷದ ಪ್ಲೇಟು

ಕೊಲ್ಹಾರದ ಸೇತುವೆ ದಾಟಿದರೆ ಕೊರ್ತಿ, ಅಲ್ಲಿಂದ ಮುಂದೆ ಬೀಳಗಿ. ಆಲಮಟ್ಟಿಯ ಹಿನ್ನೀರು ನಿಂತ ಮೇಲೆ ಕೃಷ್ಣೆ ಇಲ್ಲಿ ಎಷ್ಟು ಅಗಲವಾಗಿದ್ದಾಳೆಂದರೆ ಸೇತುವೆಯ ಉದ್ದವೇ ಸುಮಾರು 3 ಕಿಲೋಮೀಟರ್. ಈಗ ಈ ದಡ ವಿಜಯಪುರ ಜಿಲ್ಲೆ, ಆ ದಡ ಬಾಗಲಕೋಟೆ. ಹಿಂದೆ ಎರಡೂ ಕಡೆ ಬಿಜಾಪುರ ಜಿಲ್ಲೆಯೇ. ಆಚೆ ದಡದ ಬೀಳಗಿಯಲ್ಲಿ, ಹಾಡು ನಾಟಕಗಳೇ ಜೀವನವಾಗಿದ್ದ ಮನೆತನದಲ್ಲಿ ಹುಟ್ಟಿದವರು ಗೋಹರಬಾಯಿ ಮತ್ತು ಅಮೀರಬಾಯಿ. ಅಕ್ಕ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹಾಡಿದರು, ತಂಗಿ ಮುಂಬಯಿಯ ಹಿಂದಿ ಸಿನಿಮಾಕ್ಕೆ ಹಾಡಿದರು. ಗ್ರಾಮಫೋನ್ ಪ್ಲೇಟಿನ ಲೇಬಲ್ಲಿನ ಮೇಲೆ ಇಬ್ಬರ ಹೆಸರಿನ ಜೊತೆಗೂ ‘ಕರ್ನಾಟಕಿ’ ಎಂದು ಅಚ್ಚಾಯಿತು. ಕನ್ನಡನಾಡು ಒಂದಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಬಹಳ ಮೊದಲೇ ಎಲ್ಲೆಲ್ಲಿ ಈ ಪ್ಲೇಟು ಮಾರಾಟವಾದವೋ ಅಲ್ಲೆಲ್ಲ ಜನ ನಮ್ಮ ನಾಡಿನ ಹೆಸರನ್ನು ಓದಿದರು.

ಅಮೀರಬಾಯಿಯವರ ಬದುಕಿನ ಬಗ್ಗೆ ರಹಮತ್ ತರೀಕೆರೆಯವರ ಪುಸ್ತಕವಿದೆ. ವಿಜಯಪುರದ ಅಮೀರ್ ಟಾಕೀಸ್ ಇದೇ ಅಮೀರಬಾಯಿಯ ಹೆಸರಿನದು ಎಂದು ಊರಿನ ಹಿರಿಯರಿಗೆ ಗೊತ್ತು. ನನಗೆ ಇಲ್ಲಿ ಹೇಳಬೇಕಾಗಿರುವುದು ಅವರ ದನಿಯನ್ನು ಹೊತ್ತು ತಂದ ಪ್ಲೇಟಿನ ರುಚಿಯನ್ನು. ಪ್ಲೇಟೆಂದರೆ ಎದುರು ಕೂತು ಕೇಳುವ ಕಛೇರಿಯ ಬಡ ನಕಲು ಎಂದು ತಿಳಿದವರು ಬಹಳ ಮಂದಿ. ನಾನು ಅದನ್ನು ಒಪ್ಪುವುದಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕರಿ ಪ್ಲೇಟು ತಾನೇ ಒಂದು ಕಲೆ. ಅದಕ್ಕೆಂದೇ ಹಾಡಿದವರಿದ್ದರು, ಅದಕ್ಕೆಂದೇ ಕಿವಿ ಪಳಗಿಸಿಕೊಂಡವರಿದ್ದರು.

ನಮ್ಮ ಮನೆಯಲ್ಲಿರುವುದು ಕಾಕಾ ಬಿಟ್ಟುಹೋದ ಎಚ್.ಎಂ.ವಿ. 102. 1931ರಿಂದ ಬರತೊಡಗಿದ ಮಾದರಿ, ಕೈಯಲ್ಲಿ ಹಿಡಿದು ಒಯ್ಯುವ ಕರಿ ಪೆಟ್ಟಿಗೆ. ಹಳೆ ಕೊಲ್ಹಾರ ಮುಳುಗಡೆಯಾಗುವಾಗ ಹೊಸ ಊರಿಗೆ ಸಾಗಿಸಿದ ಸಾಮಾನಿನಲ್ಲಿ ಅದೂ ಬಂತು. ಚಿತ್ರಗಳಲ್ಲಿ ಕಾಣುವ ದೊಡ್ಡ ಹಿತ್ತಾಳೆಯ ತುತ್ತೂರಿ ಇದಕ್ಕಿಲ್ಲ. ತುತ್ತೂರಿ ಪೆಟ್ಟಿಗೆಯ ಹೊಟ್ಟೆಯೊಳಗೇ ಮಡಿಚಿಕೊಂಡಿದೆ, ಅದರ ಬಾಯಿ ಹಿಂದುಗಡೆ ತೆರೆದುಕೊಳ್ಳುತ್ತದೆ. ಮುಚ್ಚಳ ಪೂರ್ತಿ ಎತ್ತಿ ನಿಲ್ಲಿಸಿದರೆ ದನಿ ಅದಕ್ಕೆ ಬಡಿದು ಕೇಳುವವರತ್ತ ತಿರುಗುತ್ತದೆ. ಒಂದು ಮೂಲೆಯಲ್ಲಿ ಪಿನ್ನಿಡುವ ಬಟ್ಟಲು. ಪಕ್ಕದ ತೂತಿಗೆ ಕೀಲಿಯ ಹಿಡಿಕೆ ಸಿಕ್ಕಿಸಿ ತಿರುಗಿಸಬೇಕು. ಒಳಗಿನ ಉಕ್ಕಿನ ಪಟ್ಟಿ ಸುತ್ತಿಕೊಳ್ಳುತ್ತ ಬಿಗಿಯಾಗುವುದು ಅಂಗೈಗೆ ತಿಳಿಯುತ್ತದೆ. ಇನ್ನು ಸಾಕು ಎನ್ನುವ ಹದವೂ ಅಂಗೈಗೇ ತಿಳಿಯಬೇಕು. ಕಾಕಾ ಪಕ್ಕದಲ್ಲಿ ಕೂತು, “ಸಾವಕಾಶ ತಮ್ಮಾ, ಕೀಲಿ ಪೂರಾ ಕೊಡಬ್ಯಾಡ. ಮುಳ್ಳ ಹಗೂರಕ ಇಳಸು” ಎನ್ನುತ್ತಿದ್ದರು. ದನಿ ಹೆಚ್ಚು ಕಡಿಮೆ ಮಾಡುವ ತಿರುಪು ಇದರಲ್ಲಿಲ್ಲ. ಜೋರು ಬೇಕಾದರೆ ದಪ್ಪ ಪಿನ್ನು, ಮೆಲ್ಲಗೆ ಬೇಕಾದರೆ ಸಣ್ಣ ಪಿನ್ನು. ಕರೆಂಟಿನ ಸಂಬಂಧವೇ ಇಲ್ಲ. ಪ್ಲೇಟಿನ ಗೆರೆಯಲ್ಲಿ ಪಿನ್ನು ಅಲುಗುತ್ತದೆ, ಪಿನ್ನು ಅಲುಗಿದಂತೆ ತೆಳುವಾದ ಅಲ್ಯೂಮಿನಿಯಂ ತಗಡು ಅಲುಗುತ್ತದೆ, ತಗಡು ಗಾಳಿಯನ್ನು ಅಲುಗಿಸುತ್ತದೆ. ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ಒಬ್ಬರ ಕೊರಳು ಗಾಳಿಯಲ್ಲಿ ಮಾಡಿದ ಕಂಪನವನ್ನು ಒಂದು ತಗಡು ನಮ್ಮ ಪಡಸಾಲೆಯ ಗಾಳಿಯಲ್ಲಿ ಮತ್ತೆ ಮಾಡುತ್ತಿದೆ. ಎಷ್ಟು ಸಲ ಕೇಳಿದರೂ ಇದರ ಬೆರಗು ನನಗೆ ತೀರಿಲ್ಲ.

ಆ ಪ್ಲೇಟು ಯಾವುದರಿಂದ ಮಾಡಿದ್ದು ಎಂಬುದೂ ತಿಳಿಯಬೇಕಾದ ಸಂಗತಿ. ಅದು ಅರಗು. ಮುತ್ತಲ, ಬಾರಿ ಗಿಡಗಳ ರೆಂಬೆಗಳ ಮೇಲೆ ಅರಗಿನ ಹುಳು ಕಟ್ಟುವ ಅಂಟು. ಬಳೆಗೆ, ಆಟಿಗೆಯ ಬಣ್ಣಕ್ಕೆ, ಲಕೋಟೆಯ ಮುದ್ರೆಗೆ ಬಳಸುತ್ತಿದ್ದ ಅದೇ ಅರಗು. ಜಗತ್ತಿನ ಪ್ಲೇಟು ಕಾರ್ಖಾನೆಗಳಿಗೆ ಹೋಗುತ್ತಿದ್ದ ಅರಗಿನ ದೊಡ್ಡ ಪಾಲು ಹಿಂದೂಸ್ತಾನದ್ದು. ಅದಕ್ಕೆ ನುಣ್ಣಗೆ ಅರೆದ ಕಲ್ಲಿನ ಪುಡಿ, ಹತ್ತಿಯ ನಾರು, ಕರಿ ಬಣ್ಣಕ್ಕೆ ಕಾಡಿಗೆ ಬೆರೆಸಿ ಕಾಯಿಸಿ ಅಚ್ಚಿನಲ್ಲಿ ಒತ್ತುತ್ತಿದ್ದರು. ಕಲ್ಲಿನ ಪುಡಿ ಹಾಕುವುದಕ್ಕೆ ಕಾರಣವಿತ್ತು. ಮೊದಲ ಸುತ್ತುಗಳಲ್ಲೇ ಅದು ಉಕ್ಕಿನ ಪಿನ್ನಿನ ತುದಿಯನ್ನು ಸವೆಸಿ ಗೆರೆಯ ಆಕಾರಕ್ಕೆ ತರುತ್ತಿತ್ತು. ಹೀಗೆ ಪಿನ್ನು ಸವೆಯುವುದರಿಂದಲೇ ಪ್ಲೇಟಿನ ಒಂದು ಮಗ್ಗುಲಿಗೆ ಒಂದು ಪಿನ್ನು. ಅದೇ ಪಿನ್ನಿನಲ್ಲಿ ಇನ್ನೊಂದು ಮಗ್ಗುಲು ಹಚ್ಚಿದರೆ ಅದು ಗೆರೆಯನ್ನೇ ಕೊರೆದುಹಾಕುತ್ತದೆ. ಈ ಪ್ಲೇಟುಗಳ ಸರಸರ ಸದ್ದಿಗೂ ಬಹುಮಟ್ಟಿಗೆ ಆ ಕಲ್ಲಿನ ಪುಡಿಯೇ ಕಾರಣ. ಹೊಸಬರಿಗೆ ಮೊದಲು ಕೇಳಿಸುವುದು ಆ ಸದ್ದೇ. ನಾಲ್ಕಾರು ಪ್ಲೇಟು ಕೇಳಿದ ಮೇಲೆ ಕಿವಿ ತಾನಾಗಿಯೇ ಅದನ್ನು ಪಕ್ಕಕ್ಕೆ ಸರಿಸಿ ದನಿಯನ್ನಷ್ಟೇ ಆರಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಆ ಸದ್ದನ್ನು ಪೂರಾ ಒರೆಸಿ ತೆಗೆದ ಪ್ರತಿಗಳನ್ನು ನಾನು ಕೇಳಿದ್ದೇನೆ. ಸದ್ದಿನ ಜೊತೆ ತಂಬೂರಿಯ ಜೀವಾಳ, ಹಾಡುವವರ ಉಸಿರು ಎರಡೂ ಹೋಗಿರುತ್ತವೆ. ನನಗೆ ಅದು ಬೇಡ.

ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಅವರದು ಉರುಳೆ. ಹತ್ತು ವರ್ಷಗಳ ನಂತರ ಬರ್ಲಿನರ್ ಚಪ್ಪಟೆ ತಟ್ಟೆಯ ದಾರಿ ಹಿಡಿದರು. ಒಂದು ಅಚ್ಚಿನಿಂದ ಸಾವಿರ ತಟ್ಟೆ ಒತ್ತಬಹುದಾದ್ದರಿಂದ ಗೆದ್ದದ್ದು ತಟ್ಟೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ದನಿ ಹಿಡಿದರು. ಹಾಡು ಮುಗಿಯುತ್ತಲೇ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಆ ಪ್ಲೇಟುಗಳಲ್ಲಿ ಕೇಳುತ್ತದೆ. ದನಿ ಕೊರೆದ ಮೇಣದ ತಟ್ಟೆ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಪ್ಲೇಟು ಒತ್ತಿಸಿಕೊಂಡು ಬರಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಲು ಅದೇ ಗುರುತು. ಆ ಗೌಹರ್ ಜಾನ್ ಬಾಳಿನ ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದರು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಆ ಮೊದಲ ಕಾಲದ ಹಾಡುಗಾರಿಕೆ ಕೇಳಿದರೆ ಒಂದು ಅವಸರ, ಒಂದು ಎತ್ತರದ ಕೂಗು ಇರುತ್ತದೆ. ಆಗ ಮೈಕು ಇರಲಿಲ್ಲ. ಹಾಡುವವರು ತುತ್ತೂರಿಯ ಬಾಯೊಳಗೆ ಮುಖವಿಟ್ಟು ಹಾಡಬೇಕು, ಅವರ ಕೊರಳಿನ ಬಲದಿಂದಲೇ ಸೂಜಿ ಮೇಣವನ್ನು ಕೊರೆಯಬೇಕು. ಮೆಲ್ಲಗೆ ಹಾಡಿದ್ದು ದಾಖಲಾಗುವಂತೆಯೇ ಇರಲಿಲ್ಲ. 1925ರಲ್ಲಿ ಮೈಕಿನ ಮುದ್ರಣ ಬಂತು. ಸಂಗೀತದ ಚರಿತ್ರೆಯಲ್ಲಿ ಇದು ಬಹಳ ದೊಡ್ಡ ತಿರುವು ಎಂದು ನಾನು ತಿಳಿದಿದ್ದೇನೆ. ಪಿಸುಮಾತಿಗೂ ಪ್ಲೇಟಿನಲ್ಲಿ ಜಾಗ ಸಿಕ್ಕಿತು.

ಆ ತಿರುವಿನ ರುಚಿ ನೋಡಬೇಕಾದರೆ ಅಮೀರಬಾಯಿಯ ಒಂದು ಜೋಗುಳವಿದೆ. 1943ರ ‘ಕಿಸ್ಮತ್’ ಚಿತ್ರದ್ದು, ಮೋಡವನ್ನು ಕುರಿತದ್ದು. ಸಂಗೀತ ಅನಿಲ್ ಬಿಸ್ವಾಸ್ ಅವರದು. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿದ ಚಿತ್ರವದು. ಅದರ ದೇಶಭಕ್ತಿಯ ಹಾಡು ಊರೂರು ಮುಟ್ಟಿತು, ಅದರಲ್ಲೂ ಅಮೀರಬಾಯಿಯ ದನಿಯಿದೆ. ನಾನು ಮಾತ್ರ ಮತ್ತೆ ಮತ್ತೆ ಹಚ್ಚುವುದು ಜೋಗುಳವನ್ನೇ. ಕಂಪನಿ ನಾಟಕದ ರಂಗದ ಮೇಲೆ ನಿಂತು ಕೊನೆಯ ಸಾಲಿನವರಿಗೂ ಮುಟ್ಟುವಂತೆ ಎತ್ತಿ ಹಾಡುವ ಪರಂಪರೆಯಿಂದ ಬಂದ ಕೊರಳು ಅದು. ಆ ಕೊರಳು ಇಲ್ಲಿ ತನ್ನ ಶಕ್ತಿಯನ್ನೆಲ್ಲ ಒಳಗೆ ಹಿಡಿದಿಟ್ಟುಕೊಂಡಿದೆ. ದನಿ ಮೆತ್ತಗಾಗಿದೆ, ಬಡವಾಗಿಲ್ಲ. ಸ್ವರದ ತುದಿಯಲ್ಲಿ ಮೂಗಿನ ತೆಳು ಛಾಯೆಯೊಂದು ಉಳಿಯುತ್ತದೆ, ಆ ಛಾಯೆಯಲ್ಲೇ ಈ ದನಿ ಯಾರದೆಂದು ಗುರುತು ಹತ್ತುತ್ತದೆ. ಸಾಲು ಮುಗಿಯುವಲ್ಲಿ ಸ್ವರವನ್ನು ತಟ್ಟನೆ ಬಿಡುವುದಿಲ್ಲ, ಮಲಗಿದ ಕೂಸಿನ ತಲೆಯ ಕೆಳಗಿನಿಂದ ಕೈ ತೆಗೆದಂತೆ ಬಿಡುತ್ತಾರೆ. ಅವರಿಗೆ ‘ಕನ್ನಡ ಕೋಗಿಲೆ’ ಎಂಬ ಹೆಸರಿತ್ತು. ನನ್ನ ಕಿವಿಗೆ ಕೋಗಿಲೆಯ ತೀಕ್ಷ್ಣತೆಗಿಂತ ಮಾಗಿದ ಹೆಂಗಸಿನ ತಾಳ್ಮೆಯೇ ಆ ದನಿಯಲ್ಲಿ ಹೆಚ್ಚು ಕೇಳುತ್ತದೆ. 1965ರ ಮಾರ್ಚ್ 3ರಂದು ಅವರು ತೀರಿಕೊಂಡರು.

ಇನ್ನು ಕಾಲದ ಅಳತೆ. ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹೆಚ್ಚು ಕಡಿಮೆ ಮೂರು ನಿಮಿಷ. ರಾತ್ರಿಯಿಡೀ ಒಂದೇ ರಾಗವನ್ನು ಅರಳಿಸುತ್ತಿದ್ದ ಗವಾಯಿಗಳಿಗೆ ಮೂರೇ ನಿಮಿಷ! ಹಲವು ಉಸ್ತಾದರು ಆ ಮುದ್ರಣದ ಕೋಣೆಗೆ ಕಾಲಿಡಲು ಹಿಂಜರಿದರು. ಒಪ್ಪಿ ಬಂದವರಲ್ಲಿ ಅಬ್ದುಲ್ ಕರೀಂ ಖಾನರು ಆ ಅಳತೆಯನ್ನು ತಮ್ಮದಾಗಿ ಮಾಡಿಕೊಂಡರು. ಕಿರಾಣಾದಿಂದ ಬಂದು ಮೀರಜಿನಲ್ಲಿ ನೆಲೆಸಿದ ಅವರು ಧಾರವಾಡ, ಹುಬ್ಬಳ್ಳಿ, ಕುಂದಗೋಳದ ಕಡೆಯವರಿಗೆ ಮನೆಯ ಮನುಷ್ಯರಂತೆ ಇದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. 1930ರ ದಶಕದ ನಡುವೆ, ತೀರಿಕೊಳ್ಳುವುದಕ್ಕೆ ಕೆಲವೇ ವರ್ಷ ಮೊದಲು, ಅವರು ಮೈಕಿನ ಮುಂದೆ ಹಾಡಿದ ಪ್ಲೇಟುಗಳಲ್ಲಿ ಝಿಂಝೋಟಿಯ ಠುಮರಿಯೊಂದಿದೆ. ಅದನ್ನು ಕೇಳುತ್ತ ಕೂತರೆ ಮೂರು ನಿಮಿಷ ಎಂಬುದು ನೆನಪಿಗೇ ಬರುವುದಿಲ್ಲ. ತೆಳುವಾದ ದನಿ, ಆದರೆ ಪ್ರತಿ ಸ್ವರಕ್ಕೂ ನೆಲೆ ಸಿಕ್ಕಿದ ಮೇಲೆಯೇ ಮುಂದಿನ ಸ್ವರ. ಮಾತು ಕೆಲವೇ ಕೆಲವು. ಹಾಡಿನ ಮೊದಲ ಮಾತಿಗೆ ಮತ್ತೆ ಮತ್ತೆ ತಿರುಗಿ ಬರುತ್ತಾರೆ, ಒಂದು ಸಲ ಬಂದ ದಾರಿಯಲ್ಲಿ ಇನ್ನೊಂದು ಸಲ ಬರುವುದಿಲ್ಲ. ಕೊನೆಗೆ ನಿಲ್ಲಿಸುವಾಗ ಹೇಳಬೇಕಾದದ್ದು ಉಳಿಯಿತು ಎಂಬ ತವಕ ಎಲ್ಲಿಯೂ ಇಲ್ಲ.

ನಮ್ಮೂರಿನ ಮೊಸರು ತಿಂದವರಿಗೆ ಇದು ಬೇಗ ತಿಳಿದೀತು. ಕೊಲ್ಹಾರದ ಮಣ್ಣಿನ ಗಡಿಗೆ ಹಾಲಿನ ನೀರಂಶವನ್ನು ತಾನು ಹೀರಿಕೊಂಡು ಮೊಸರನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸುತ್ತದೆ. ಅಬ್ದುಲ್ ಕರೀಂ ಖಾನರಂಥವರ ಕೈಗೆ ಬಿದ್ದಾಗ ಮೂರು ನಿಮಿಷದ ಪ್ಲೇಟೂ ರಾಗಕ್ಕೆ ಹಾಗೆಯೇ ಮಾಡಿತು. ಆಲಾಪದ ಹರವು ಹೋಯಿತು ನಿಜ. ಉಳಿದದ್ದು ಬರೀ ಸಾರ.

ಇಂಥ ಪ್ಲೇಟುಗಳೇ ಈ ಸೀಮೆಗೆ ಗುರುವಾದವು. ಬಾಲಕ ಭೀಮಸೇನ ಜೋಶಿ ಗದಗಿನಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ, ಹಾಡಿದರೆ ಹೀಗೆ ಹಾಡಬೇಕು ಎಂದು ಹಟ ಹಿಡಿದು, 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದರು. ಧಾರವಾಡದಲ್ಲಿ ಶಾಲೆಗೆ ಹೋಗುವ ಹುಡುಗಿ ಗಂಗೂಬಾಯಿ ಬೀದಿಯಲ್ಲಿ ಗ್ರಾಮಫೋನಿನ ದನಿ ಕೇಳಿದರೆ ಓಡಿಹೋಗಿ ನಿಲ್ಲುತ್ತಿದ್ದರು. ಆಗ್ರೆಯ ಜೋಹ್ರಾಬಾಯಿಯ ಹಾಡನ್ನು ಅವರು ಮೊದಲು ಕಲಿತದ್ದು ಹಾಗೆ. ತಂಬೂರಿ ಹಿಡಿದು ಗುರುವಿನ ಎದುರು ಕೂರುವ ಭಾಗ್ಯ ಎಲ್ಲರಿಗೂ ಸಿಗುತ್ತಿರಲಿಲ್ಲ. ಅಂಗಡಿಯ ಮುಂದೆ ನಿಂತು ಕೇಳುವುದಕ್ಕೆ ಜಾತಿ, ಹಣ, ಗುರುತು ಯಾವುದೂ ಬೇಕಿರಲಿಲ್ಲ.

ಗಂಗೂಬಾಯಿ ಹಾನಗಲ್ಲರ ಪ್ಲೇಟುಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 1930ರ ದಶಕದಲ್ಲಿ ಅವರು ಎಚ್.ಎಂ.ವಿ.ಗೆ ಹಾಡಿದಾಗ ಲೇಬಲ್ಲಿನ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಜಿ.ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಯುಗಳಗೀತೆಗಳೂ ಆ ಕಾಲದವು. ಅವನ್ನು ಮೊದಲ ಸಲ ಕೇಳಿದವರು ಇದು ಗಂಗಜ್ಜಿಯ ದನಿಯೆಂದು ನಂಬುವುದಿಲ್ಲ. ಎತ್ತರದ, ತೆಳುವಾದ, ಹರಳಿನಂಥ ಹೆಣ್ಣುದನಿ. ಮುಂದೆ ಗಂಟಲಿನ ತೊಂದರೆ, ಚಿಕಿತ್ಸೆಯ ನಂತರ ಆ ದನಿ ಇಳಿದು, ನಮಗೆಲ್ಲ ಗೊತ್ತಿರುವ ಗಂಭೀರ ಗಂಡುದನಿಯಂಥ ದನಿಯಾಯಿತು. ಅದರಲ್ಲೇ ಅವರು 2009ರವರೆಗೂ ಬಾಳಿದ ತುಂಬು ಬದುಕನ್ನು ಗೆದ್ದರು. ಮೊದಲಿನ ದನಿ ಅವರಲ್ಲೂ ಇಲ್ಲವಾಯಿತು. ಈಗ ಅದು ಇರುವುದು ಆ ಅರಗಿನ ಪ್ಲೇಟುಗಳಲ್ಲಿ ಮಾತ್ರ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಬೇಕು. ಎರಡೂ ದನಿಗಳಲ್ಲಿ ಸ್ವರದ ಮೇಲೆ ನಿಲ್ಲುವ ಛಲ ಒಂದೇ.

ಪ್ಲೇಟಿಗೆ ಹೋಗದೆ ಉಳಿದದ್ದೂ ಬಹಳವಿದೆ, ಅದರ ನೋವು ನನಗಿದೆ. ಹಿಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಗೆಳೆಯರ ಗುಂಪು ಮನೆಮನೆಯ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿತು. ಬೀಸುಕಲ್ಲಿನ ಮುಂದೆ ಹುಟ್ಟಿದ ಆ ಹಾಡುಗಳ ಮಾತು ಹೀಗೆ ನಮಗೆ ಉಳಿಯಿತು, ಆ ಹೆಂಗಸರ ದನಿ ಉಳಿಯಲಿಲ್ಲ. ಅದೇ ವರ್ಷಗಳಲ್ಲಿ ಮುಂಬಯಿಯ ಮುದ್ರಣದ ಕೋಣೆಗಳು ಗವಾಯಿಗಳಿಗೆ, ನಾಟಕದ ನಟರಿಗೆ ತೆರೆದಿದ್ದವು. ಹಲಸಂಗಿಯ ಅಂಗಳಕ್ಕೆ ಒಂದು ಯಂತ್ರ ಬಂದಿದ್ದರೆ! ಕಂಪನಿಗಳು ಮಾರಾಟವಾಗುವುದನ್ನು ಮಾತ್ರ ಮುದ್ರಿಸಿದವು. ಬೀಸುವ ಪದಕ್ಕೆ ಗಿರಾಕಿ ಇದ್ದಾನೆಂದು ಆಗ ಯಾರೂ ಎಣಿಸಿರಲಿಲ್ಲ. ನಮ್ಮ ಕಡೆಯ ಗೀಗೀ ಪದ, ಡೊಳ್ಳಿನ ಪದಗಳು ಯಂತ್ರದೊಳಗೆ ದೊಡ್ಡ ಪ್ರಮಾಣದಲ್ಲಿ ಹೊಕ್ಕದ್ದು ಅಗ್ಗದ ಕ್ಯಾಸೆಟ್ಟು ಬಂದ ಮೇಲೆ.

ಲಾಂಗ್ ಪ್ಲೇ ತಟ್ಟೆ 1948ರಲ್ಲಿ ಅಮೆರಿಕದಲ್ಲಿ ಬಂತು, ಮರುವರ್ಷ 45ರ ಸಣ್ಣ ತಟ್ಟೆ. ಹೊರದೇಶಗಳಲ್ಲಿ 78 ಬೇಗ ಹಿಂದೆ ಸರಿಯಿತು. ನಮ್ಮಲ್ಲಿ ಮಾತ್ರ 1960ರ ದಶಕದಲ್ಲೂ ಒತ್ತುತ್ತಲೇ ಇದ್ದರು. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಕೂಡ ಹಿಂದೂಸ್ತಾನದಲ್ಲಿ 78ರ ಪ್ಲೇಟಾಗಿ ಬಂದಿವೆ. ಕರೆಂಟು ಬಾರದ ಹಳ್ಳಿಗಳಲ್ಲಿ ಕೀಲಿಯ ಪೆಟ್ಟಿಗೆಯೇ ನಡೆಯುತ್ತಿತ್ತು, ಅದಕ್ಕೆ ಬೇಕಾದದ್ದು ಅರಗಿನ ಪ್ಲೇಟೇ. ಆಮೇಲೆ ಜಾತ್ರೆಗೆ, ಲಗ್ನಕ್ಕೆ ಸ್ಪೀಕರ್ ಹಚ್ಚುವವರು ಬಂದರು. 1950ರ ಜನವರಿ 8ರಿಂದ ಧಾರವಾಡ ಆಕಾಶವಾಣಿ ಕೇಳತೊಡಗಿತ್ತು. 1978ರಲ್ಲಿ ‘ನಿತ್ಯೋತ್ಸವ’ದ ಕ್ಯಾಸೆಟ್ಟು ಬಂದು ನಿಸಾರ್ ಅಹಮದರ ಕವಿತೆ ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ಮನೆಮನೆ ಮುಟ್ಟಿತು. ಈ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ, ಬೆಳೆಸುವುದಿಲ್ಲ.

ಇಷ್ಟೆಲ್ಲ ಬರೆದದ್ದು ಒಂದು ಬೇಡಿಕೆ ಮುಂದಿಡುವುದಕ್ಕೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಹಳೆ ವಾಡೆಗಳ ಅಟ್ಟದ ಮೇಲೆ, ಮುಳುಗಡೆಯ ಊರುಗಳಿಂದ ಬಂದ ಟ್ರಂಕುಗಳಲ್ಲಿ ಇಂಥ ಪ್ಲೇಟುಗಳು ಇನ್ನೂ ಇವೆ. ದಯಮಾಡಿ ಮೋಡಕಾ ಸಾಮಾನಿನ ಗಾಡಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸಿಟ್ಟಿದ್ದರೆ ಇಂದೇ ತೆಗೆದು ನೆಟ್ಟಗೆ ನಿಲ್ಲಿಸಿ. ನಮ್ಮ ಬೇಸಿಗೆಯ ಬಿಸಿಲು ತಾಗಿದರೆ ಅರಗು ಮೆತ್ತಗಾಗಿ ಪ್ಲೇಟು ಡೊಂಕಾಗುತ್ತದೆ, ನೆರಳಿನ ಗೋಡೆಯ ಕಡೆಗಿರಲಿ. ಧೂಳು ಒರೆಸಲು ಸ್ಪಿರಿಟ್ ಮುಟ್ಟಿಸಲೇಬೇಡಿ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮೆತ್ತನೆಯ ಬಟ್ಟೆ, ಲೇಬಲ್ಲಿಗೆ ತಾಗದಂತೆ ತುಸು ಸಾಬೂನಿನ ನೀರು ಸಾಕು. ಲೇಬಲ್ಲಿನ ಮೇಲಿನ ಹೆಸರು, ನಂಬರು ಎರಡನ್ನೂ ಒಂದು ವಹಿಯಲ್ಲಿ ಬರೆದಿಡಿ, ಒಂದು ಫೋಟೋ ತೆಗೆದಿಡಿ. ಕಂಪ್ಯೂಟರಿಗೆ ಇಳಿಸುವುದಾದರೆ ಲಾಂಗ್ ಪ್ಲೇಯ ಸೂಜಿ ಹಾಕಬೇಡಿ. ಅದರ ತುದಿ ಸುಮಾರು 25 ಮೈಕ್ರಾನಿನದು, 78ರ ಗೆರೆಗೆ ಸುಮಾರು 75 ಮೈಕ್ರಾನಿನ ತುದಿ ಬೇಕು. ಮತ್ತು ‘ಅಮೀರಬಾಯಿ ಕರ್ನಾಟಕಿ’ ಎಂದೋ, ‘ಗಾಂಧಾರಿ’ ಎಂದೋ ಬರೆದ ಪ್ಲೇಟು ಸಿಕ್ಕರೆ ಯಾರಿಗೂ ಕೊಡುವ ಮೊದಲು ಒಂದು ಹೊಸ ಪಿನ್ನು ಹಾಕಿ ಮನೆಯವರೆಲ್ಲ ಕೂತು ಕೇಳಿ.